ಕ್ಯಾಮ್‌ಷಾಫ್ಟಿನ ಆಯ್ಕೆ

ಡೊಂಬಿವಲಿಯ ಹೊರಭಾಗದಲ್ಲಿ ಪ್ರೀಮಿಯರ್ ಕಂಪನಿಯ ಮೋಟಾರು ಕಾರಖಾನೆಯೊಂದಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. 1990ರ ದಶಕದಲ್ಲಿ ಪ್ಯೂಜೋ 309 ಕಾರು ಅಲ್ಲಿ ಸಿದ್ಧವಾಗುತ್ತಿತ್ತು. ಆದರೆ ಆ ಕಂಪನಿಯ ಹೆಸರನ್ನು ಮನೆಮಾತಾಗಿಸಿದ್ದು ಕುರ್ಲಾದಲ್ಲಿ ತಯಾರಾದ ಫಿಯಟ್. 1974ರಿಂದ ಅದಕ್ಕೆ ‘ಪದ್ಮಿನಿ’ ಎಂದು ಹೆಸರಾಯಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು ಮುಂಬಯಿಯಲ್ಲಿ 2023ರ ಅಕ್ಟೋಬರದವರೆಗೂ ದುಡಿಯಿತು. ಇಂದಿಗೂ ಹಳೆಯ ಪದ್ಮಿನಿಯನ್ನು ಅಕ್ಕರೆಯಿಂದ ಉಳಿಸಿಕೊಂಡವರುಂಟು. ಎಂಜಿನ್ನನ್ನು ಬಿಚ್ಚಿಸಿದಾಗ ಇಂಥವರಲ್ಲಿ ಕೆಲವರಿಗೆ ಒಂದು ಆಸೆ ಮೂಡುತ್ತದೆ: ಹೇಗೂ ಬಿಚ್ಚಿದ್ದಾಯಿತು, ಹೆಚ್ಚು ಶಕ್ತಿ ಕೊಡುವ ಕ್ಯಾಮ್‌ಷಾಫ್ಟನ್ನೇ ಏಕೆ ಕೂಡಿಸಬಾರದು?

ಪ್ರಶ್ನೆ ಒಳ್ಳೆಯದೇ. ಆದರೆ ‘ಎಷ್ಟು ಶಕ್ತಿ’ ಎಂದು ಕೇಳುವ ಮೊದಲು ‘ಯಾವ ವೇಗದಲ್ಲಿ’ ಎಂದು ಕೇಳಬೇಕು.

ಕ್ಯಾಮ್‌ಷಾಫ್ಟೆಂದರೆ ಮೊಟ್ಟೆಯಾಕಾರದ ಉಬ್ಬುಗಳುಳ್ಳ ಲೋಹದ ದಂಡ. ಪದ್ಮಿನಿಯ 1089 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಇದು ಯಂತ್ರದ ಒಡಲಿನಲ್ಲಿದ್ದು, ಸಲಾಕೆಗಳ ಮೂಲಕ ಮೇಲಿನ ಕವಾಟಗಳನ್ನು ತೆರೆಯುತ್ತದೆ. ಕವಾಟವನ್ನೇ ಗ್ಯಾರೇಜಿನಲ್ಲಿ ವಾಲ್ವು ಎನ್ನುತ್ತಾರೆ. ಕ್ರ್ಯಾಂಕ್‌ಷಾಫ್ಟು ಎರಡು ಸುತ್ತು ತಿರುಗಿದರೆ ಕ್ಯಾಮ್‌ಷಾಫ್ಟು ಒಂದೇ ಸುತ್ತು ತಿರುಗುತ್ತದೆ.

ಪಿಸ್ಟನ್ನು ಮೇಲಿನಿಂದ ಕೆಳಗಿಳಿಯಲು 180 ಡಿಗ್ರಿ ಸಾಕು. ಆದರೂ ಒಳಹೊಗುವ ಕವಾಟವನ್ನು ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಡುತ್ತಾರೆ. ಮೇಲ್ತುದಿಗೆ 10 ಡಿಗ್ರಿ ಮೊದಲೇ ತೆರೆದು, ಕೆಳತುದಿಯಾದ 50 ಡಿಗ್ರಿಯ ಅನಂತರ ಮುಚ್ಚಿದರೆ ಒಟ್ಟು 240 ಡಿಗ್ರಿ. ಏಕೆ ಹೀಗೆ? ವಾಯುವಿಗೂ ತೂಕವುಂಟು, ಓಡುತ್ತಿರುವ ವಾಯು ತಟ್ಟನೆ ನಿಲ್ಲಲಾರದು. ಪಿಸ್ಟನ್ನು ಮೇಲೇರತೊಡಗಿದರೂ ಅದು ತನ್ನ ರಭಸದಿಂದಲೇ ಒಳಗೆ ನುಗ್ಗುತ್ತಿರುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡಿರಿ. ಎಂಜಿನ್ನು ನಿಮಿಷಕ್ಕೆ 6000 ಸುತ್ತು, ಎಂದರೆ ಸೆಕೆಂಡಿಗೆ 100 ಸುತ್ತು ತಿರುಗುವಾಗ, 240 ಡಿಗ್ರಿ ಕಳೆಯುವುದಕ್ಕೆ ಸೆಕೆಂಡಿನ 150ರಲ್ಲೊಂದು ಭಾಗ ಮಾತ್ರ ಹಿಡಿಯುತ್ತದೆ. ಅಷ್ಟರೊಳಗೆ ಸಿಲಿಂಡರು ತುಂಬಲಾರದು. ಕವಾಟ ಇನ್ನಷ್ಟು ತೆರೆದಿದ್ದರೆ ಲಾಭವೇ. ಅದೇ 1200 ಸುತ್ತಿನಲ್ಲಿ ಸೆಕೆಂಡಿನ 30ರಲ್ಲೊಂದು ಭಾಗ ದೊರೆಯುತ್ತದೆ. ಅಲ್ಲಿ ವಾಯುವಿಗೆ ರಭಸವೂ ಇಲ್ಲ. ತಡವಾಗಿ ಮುಚ್ಚುವ ಕವಾಟದ ಮೂಲಕ, ಒಳಬಂದ ಮಿಶ್ರಣವನ್ನು ಪಿಸ್ಟನ್ನೇ ಮರಳಿ ಹೊರಗೆ ತಳ್ಳುತ್ತದೆ!

300 ಡಿಗ್ರಿಯ ಪಂದ್ಯದ ಕ್ಯಾಮ್‌ಷಾಫ್ಟಿನ ಗುಣವೂ ದೋಷವೂ ಇದೇ. ಮದರಾಸಿನ ಬಳಿಯ ಷೋಳಾವರಂ ವಿಮಾನಪಟ್ಟಿಯಲ್ಲಿ ಹಿಂದೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಫಿಯಟ್‌ಗಳೂ ಓಡಿದ್ದುಂಟು. ಉದ್ದನೆಯ ನೇರ ಪಟ್ಟಿ. ಎದುರಿಗೆ ಎತ್ತಿನ ಗಾಡಿಯಿಲ್ಲ, ಸಿಗ್ನಲ್ಲೂ ಇಲ್ಲ. ಅಂಥಲ್ಲಿ ಎಂಜಿನ್ನನ್ನು ಸದಾ ಮೇಲಿನ ಸುತ್ತುಗಳಲ್ಲಿಯೇ ಇರಿಸಬಹುದು. ಕಲ್ಯಾಣ-ಶಿಳ್ ರಸ್ತೆಯಲ್ಲಿ ಸಂಜೆ ಆರಕ್ಕೆ ಲಾರಿಗಳ ಬೆನ್ನಿಗೆ ತೆವಳುವವನಿಗೆ ಆ ಭಾಗ್ಯವೆಲ್ಲಿ? ಮುಂಬ್ರಾ ಬೈಪಾಸಿನ ಏರು, ಘೋಡಬಂದರಿನ ಗಾಯಮುಖ ಘಟ್ಟ, ಇಲ್ಲೆಲ್ಲ ಬೇಕಾದದ್ದು 1000ದಿಂದ 3000 ಸುತ್ತುಗಳ ನಡುವಣ ಎಳೆತ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ ಅಗಲವಾಗಿದೆ ನಿಜ. ಆದರೆ ಅಲ್ಲಿಯೂ ವೇಗಕ್ಕೆ ಮಿತಿಯುಂಟು.

ಇನ್ನೊಂದು ತೊಡಕಿದೆ. ಹೊಗೆ ಹೊರಬಿಡುವ ಕವಾಟವೂ ಒಳಹೊಗುವ ಕವಾಟವೂ ಒಮ್ಮೆಗೇ ತೆರೆದಿರುವ ಕಾಲವು ಇಂಥ ಕ್ಯಾಮ್‌ಷಾಫ್ಟಿನಲ್ಲಿ ದೀರ್ಘವಾಗುತ್ತದೆ. ಆಗ ನಿಂತಲ್ಲಿ ಎಂಜಿನ್ನು ನಡುಗುತ್ತದೆ. ಉರಿಯದ ಪೆಟ್ರೋಲಿನ ವಾಸನೆ ಬರುತ್ತದೆ. ಹೊಗೆಯ ಪರೀಕ್ಷೆಯಲ್ಲಿ ಕಾರು ಉತ್ತೀರ್ಣವಾಗುವುದು ಕಷ್ಟ. ಎಂಜಿನ್ನಿನ ನಿರ್ವಾತದ ನೆರವಿನಿಂದ ಬ್ರೇಕು ಹಾಕುವ ಕಾರಾದರೆ ಆ ನೆರವೂ ತಗ್ಗುತ್ತದೆ. ಇದು ಹಣದ ಮಾತಲ್ಲ, ಪ್ರಾಣದ ಮಾತು.

ಹಾಗಾದರೆ ಏನನ್ನು ಆಯಬೇಕು? ಊರಿನಲ್ಲಿ ಓಡುವ ಕಾರಿಗೆ ಮೂಲದ ಕ್ಯಾಮ್‌ಷಾಫ್ಟೇ ಮೇಲೆಂಬುದು ನನ್ನ ಅಭಿಪ್ರಾಯ. ಬದಲಿಸಲೇಬೇಕೆಂಬ ಹಟವಿದ್ದರೆ 260 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವುದು ವಿವೇಕ. ಅಂಗಡಿಯವನು ಹೇಳುವ ಡಿಗ್ರಿಯನ್ನು ಎಷ್ಟು ಎತ್ತರದಿಂದ ಅಳೆದದ್ದೆಂದು ಕೇಳಲು ಮರೆಯಬಾರದು. ಕವಾಟ ಅಲುಗಿದ ಕ್ಷಣದಿಂದ ಅಳೆದರೆ ಒಂದು ಸಂಖ್ಯೆ, ಒಂದು ಮಿಲಿಮೀಟರ್ ಎದ್ದ ಮೇಲೆ ಅಳೆದರೆ ಅದಕ್ಕಿಂತ ಬಹಳ ಚಿಕ್ಕ ಸಂಖ್ಯೆ.

ಉಬ್ಬು ಎತ್ತರವಾದಷ್ಟೂ ಕವಾಟ ಪಿಸ್ಟನ್ನಿನ ಸಮೀಪಕ್ಕೆ ಬರುತ್ತದೆ. ಆದ್ದರಿಂದ ಬಲ್ಲ ಮೇಸ್ತ್ರಿಯು ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಮಣ್ಣಿನ ಬಿಲ್ಲೆಯನ್ನಿಟ್ಟು, ಎಲ್ಲವನ್ನೂ ಜೋಡಿಸಿ, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸುತ್ತಾನೆ. ಮತ್ತೆ ಬಿಚ್ಚಿ, ಕವಾಟ ಒತ್ತಿದ ಕಡೆ ಮಣ್ಣು ಎಷ್ಟು ದಪ್ಪ ಉಳಿದಿದೆಯೆಂದು ಅಳೆಯುತ್ತಾನೆ. ಎರಡು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಆ ಕ್ಯಾಮ್‌ಷಾಫ್ಟನ್ನು ಅಂಗಡಿಗೇ ಮರಳಿಸುತ್ತಾನೆ.