ಅಲಗಿನ ಭಾರವನ್ನು ಕುರಿತು ಕಿರಿಯ ಬಿಲ್ಲುಗಾರನಿಗೊಂದು ಪತ್ರ



ಮಿಶಿಗನ್ನಿನ ಕಾಡಂಚಿನಲ್ಲಿ ಮನೆಮಾಡಿಕೊಂಡಿರುವ ನೀನು ಕೆಲವು ವರ್ಷಗಳಿಂದ ರಿಕರ್ವ್ ಬಿಲ್ಲನ್ನು ಶ್ರದ್ಧೆಯಿಂದ ಅಭ್ಯಾಸಮಾಡಿ, ಈ ಶರತ್ಕಾಲದಲ್ಲಿ ಮೊದಲ ಬಾರಿಗೆ ಬಿಳಿಬಾಲದ ಜಿಂಕೆಯ ಬೇಟೆಗೆ ಅನುಮತಿಯನ್ನು ಪಡೆದಿರುವೆಯೆಂದೂ, ಅಂಗಡಿಯಲ್ಲಿ 100 ಗ್ರೇನಿನಿಂದ 300 ಗ್ರೇನಿನವರೆಗೆ ಸಾಲಾಗಿ ತೂಗಹಾಕಿರುವ, ಬೇಟೆಯ ಅಲಗುಗಳಾದ ಬ್ರಾಡ್‌ಹೆಡ್‌ಗಳನ್ನು ಕಂಡು ಯಾವುದನ್ನು ಕೊಳ್ಳಬೇಕೆಂದು ತೋಚದೆ ಬರಿಗೈಯಲ್ಲಿ ಹಿಂದಿರುಗಿದೆಯೆಂದೂ ಬರೆದಿದ್ದೀಯೆ. ಹಾಗೆ ಹಿಂದಿರುಗಿದ್ದು ಒಳ್ಳೆಯದೇ ಆಯಿತು. ಈ ವಿದ್ಯೆಗೆ ಹೊಸದಾಗಿ ಕೈಹಾಕಿರುವ ಇತರ ಕನ್ನಡಿಗ ತರುಣರಿಗೂ ಪ್ರಯೋಜನವಾಗಲೆಂದು ನಿನಗೆ ಕೊಡಬೇಕಾದ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಗುಂಡಿನಂತೆ ಆಘಾತದಿಂದ ಕೆಡಹುವ ಶಕ್ತಿ ಬಾಣಕ್ಕಿಲ್ಲ. ಅದು ಕೊಯ್ದು, ರಕ್ತವನ್ನು ಹರಿಸಿ, ಕೊಲ್ಲುತ್ತದೆ. ಎರಡು ಶ್ವಾಸಕೋಶಗಳನ್ನೂ ಭೇದಿಸಿ ಹೊರಬಂದ ಬಾಣದಿಂದ ಮೃಗವು ಅಲ್ಪಕಾಲದಲ್ಲಿಯೇ ಪ್ರಾಣಬಿಡುವುದು. ಓರೆಯಾಗಿ ತಾಗಿ ಅರ್ಧಕ್ಕೆ ನಿಂತ ಬಾಣವನ್ನು ಹೊತ್ತ ಮೃಗವಾದರೋ ದಿನಗಟ್ಟಲೆ ನರಳುವುದು. ಆದುದರಿಂದ ಅಲಗಿನ ಭಾರವೆಷ್ಟಿರಬೇಕೆಂಬ ಪ್ರಶ್ನೆ ಅಂಗಡಿಯ ಅಭಿರುಚಿಯ ಪ್ರಶ್ನೆಯಲ್ಲ, ಒಂದು ಜೀವದ ಬಗೆಗೆ ನಾವು ಹೊತ್ತುಕೊಳ್ಳುವ ಹೊಣೆಯ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಲ್ಲು, ಕೋಲು, ಎಳೆತ ಇವುಗಳನ್ನು ಬಿಟ್ಟು ಅಲಗಿಗೆ ಸ್ವತಂತ್ರವಾದ ‘ಸರಿಯಾದ ತೂಕ’ವೆಂಬುದಿಲ್ಲ. ಯಾವ ಭಾರದಲ್ಲಿ ನಿನ್ನ ಬಾಣ ಡೊಂಕಿಲ್ಲದೆ ಹಾರುವುದೋ ಅದೇ ನಿನಗೆ ಸರಿಯಾದ ಭಾರ.

ಮೊದಲು ಬಾಣದ ಒಟ್ಟು ತೂಕವನ್ನು ವಿಚಾರಮಾಡು. 7000 ಗ್ರೇನು ಸೇರಿದರೆ ಒಂದು ಪೌಂಡು. ಸಾಂಪ್ರದಾಯಿಕ ಬಿಲ್ಲಿನಿಂದ ಬೇಟೆಯಾಡುವವರು ಬಿಲ್ಲಿನ ಪ್ರತಿಯೊಂದು ಪೌಂಡು ಬಿಗಿಗೆ ಕನಿಷ್ಠಪಕ್ಷ 8 ಗ್ರೇನು, ಒಳ್ಳೆಯದೆಂದರೆ 10 ಗ್ರೇನು ತೂಕದ ಬಾಣವಿರಬೇಕೆಂದು ಹೇಳುತ್ತಾರೆ. ನಾನೂ ಇದನ್ನೇ ಒಪ್ಪುತ್ತೇನೆ. ನಿನ್ನ ಬಿಲ್ಲಿನ ಮೇಲೆ 45 ಪೌಂಡು ಎಂದು ಬರೆದಿರುವುದು 28 ಅಂಗುಲದ ಎಳೆತಕ್ಕೆ. ನೀನು ಅಷ್ಟನ್ನು ಎಳೆಯುವೆಯೋ ಇಲ್ಲವೋ ಎಂಬುದನ್ನು ಬೇರೊಬ್ಬರಿಂದ ಅಳೆಯಿಸಿಕೊ, ಏಕೆಂದರೆ ಒಂದು ಅಂಗುಲ ಕಡಿಮೆಯಾದರೆ ಎರಡು ಮೂರು ಪೌಂಡು ಬಿಗಿ ಕಡಿಮೆಯಾಗುತ್ತದೆ. ಭಾರವಾದ ಬಾಣ ನಿಧಾನವಾಗಿ ಹೋಗುವುದು ನಿಜ; ಆದರೆ ಬಿಲ್ಲಿನಲ್ಲಿ ಸಂಚಿತವಾದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಅದು ತನ್ನೊಡನೆ ಒಯ್ಯುತ್ತದೆ. ಹಗುರವಾದ ಬಾಣ ಬಿಟ್ಟುಹೋದ ಶಕ್ತಿಯಾದರೋ ಬಿಲ್ಲಿನ ತೋಳುಗಳಲ್ಲಿ ಅದುರಾಗಿ, ಹೆದೆಯಲ್ಲಿ ಸದ್ದಾಗಿ ಉಳಿಯುತ್ತದೆ. ಆ ಸದ್ದಿಗೆ ಜಿಂಕೆ ಬಾಣ ಮುಟ್ಟುವ ಮುನ್ನವೇ ಮೈಕುಗ್ಗಿಸುವುದನ್ನು ನೀನು ಮುಂದೆ ಕಾಣುವೆ. 29 ಅಂಗುಲದ ಕಾರ್ಬನ್ ಕೋಲು ಸುಮಾರು 250 ಗ್ರೇನು, ಗರಿ, ಹೆದೆಗೆ ಸಿಕ್ಕಿಸುವ ನಾಕ್, ಅಲಗನ್ನು ತಿರುಪುವ ಒಳಗಿನ ಇನ್ಸರ್ಟ್ ಸೇರಿ ಇನ್ನು 40 ಎಂದು ಹಿಡಿದರೆ, 125 ಗ್ರೇನಿನ ಅಲಗಿನೊಡನೆ ಬಾಣ 415 ತೂಗುವುದು, 175ರೊಡನೆ 465, 200ರೊಡನೆ 490. ಪೋರ್ಟ್ ಆರ್ಫರ್ಡ್ ಸೀಡರ್ ಮರದ ಕೋಲಾದರೆ ಅದೇ 350ರ ಆಸುಪಾಸು ತೂಗುವುದರಿಂದ 125 ಗ್ರೇನಿನ ಅಲಗೇ ಸಾಕು. ಒಬ್ಬನಿಗೆ 125 ಸಾಕಾಗಿ ಇನ್ನೊಬ್ಬನಿಗೆ 200 ಬೇಕಾಗುವುದು ಹೀಗೆ. 20 ಗಜದೊಳಗೆ ಇವುಗಳ ಇಳಿತದಲ್ಲಿ ಬರುವ ಅಂತರ ಕೆಲವೇ ಅಂಗುಲಗಳಷ್ಟು, ಕಣ್ಣು ಅದನ್ನು ಬೇಗನೆ ಕಲಿತುಕೊಳ್ಳುತ್ತದೆ. ಅದಕ್ಕಿಂತ ದೂರಕ್ಕೆ ನೀನು ಈ ವರ್ಷ ಮೃಗದ ಮೇಲೆ ಬಾಣ ಬಿಡಲೂ ಕೂಡದು.

ಇನ್ನು ನಿಜವಾದ ಕಷ್ಟಕ್ಕೆ ಬರೋಣ. ಹೆದೆಯ ನೂಕಿಗೆ ಸಿಕ್ಕಿದ ಬಾಣ ನೆಟ್ಟಗೆ ಹೊರಡುವುದಿಲ್ಲ. ಮುಂದಿರುವ ಅಲಗು ತನ್ನ ಜಡತ್ವದಿಂದ ನಿಲ್ಲಲೆಳಸುತ್ತಿರಲು ಹಿಂದಿನಿಂದ ಹೆದೆ ತಳ್ಳುವುದರಿಂದ ಕೋಲು ನಡುವೆ ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ಅತ್ತಿತ್ತ ತೊನೆಯುತ್ತ ಹೋಗಿ ಅನಂತರ ಸರಿದೂಗುತ್ತದೆ. ಈ ಬಾಗುವಿಕೆಯ ಪ್ರಮಾಣವನ್ನು ಸ್ಪೈನ್ ಎಂಬ ಅಂಕಿಯಿಂದ ಸೂಚಿಸುತ್ತಾರೆ. ನಿನ್ನ ಕೋಲಿನ ಮೇಲಿರುವ 500 ಎಂಬುದರ ಅರ್ಥ, 28 ಅಂಗುಲದ ಅಂತರದಲ್ಲಿ ಎರಡು ಆಧಾರಗಳ ಮೇಲಿಟ್ಟು ನಡುವೆ 1.94 ಪೌಂಡು ತೂಗಹಾಕಿದಾಗ ಅದು ಅರ್ಧ ಅಂಗುಲ ಬಾಗುತ್ತದೆ ಎಂದು. 400ರ ಕೋಲು ಇದಕ್ಕಿಂತ ಬಿರುಸು, 600ರದು ಮೆದು. ಅಲಗಿನ ಭಾರವನ್ನು ಹೆಚ್ಚಿಸಿದಷ್ಟೂ ಅದೇ ಕೋಲು ಹಾರಾಟದಲ್ಲಿ ಮೆದುವಾದಂತೆ ವರ್ತಿಸುತ್ತದೆ. ಹೀಗಿರುವುದರಿಂದ, ಯಾರೋ ಹೊಗಳಿದರೆಂದು 125ನ್ನು ಕಳಚಿ 300ನ್ನು ತಿರುಪಿದವನು ತೂಕವನ್ನಷ್ಟೇ ಹೆಚ್ಚಿಸಿದೆನೆಂದು ಭಾವಿಸಿದರೂ ವಾಸ್ತವವಾಗಿ ಬಾಣವನ್ನೇ ಬೇರೊಂದನ್ನಾಗಿ ಮಾಡಿರುತ್ತಾನೆ. ಬಾಲವನ್ನು ಬೀಸುತ್ತ ಹೋಗುವ ಆ ಭಾರದ ಬಾಣ, ನೆಟ್ಟಗೆ ಹೋಗುವ ಹಗುರ ಬಾಣಕ್ಕಿಂತ ಕಡಿಮೆ ಆಳಕ್ಕೆ ಇಳಿಯುವುದು.

ಇದನ್ನು ಪರೀಕ್ಷಿಸುವ ಉಪಾಯ ಸುಲಭ. 100ರಿಂದ 250 ಗ್ರೇನಿನವರೆಗಿನ ಫೀಲ್ಡ್ ಪಾಯಿಂಟುಗಳನ್ನು, ಎಂದರೆ ಅಭ್ಯಾಸದ ಮೊನೆಗಳನ್ನು, ತಂದುಕೊ; ಅವು ಅಗ್ಗ. ಹೆದೆಯ ಮೇಲೆ ನಾಕ್ ಕೂಡುವ ಎತ್ತರವನ್ನು ಮೊದಲು ಸರಿಪಡಿಸಿ, ಗರಿಯುಳ್ಳ ಬಾಣಗಳನ್ನೂ ಗರಿ ಕಿತ್ತ ಒಂದು ಬರಿಗೋಲನ್ನೂ 15 ಗಜದಿಂದ ಒಂದೇ ಗುರಿಗೆ ಬಿಡು. ಬಲಗೈಯಿಂದ ಎಳೆಯುವ ನಿನಗೆ ಬರಿಗೋಲು ಎಡಕ್ಕೆ ಬಿದ್ದರೆ ಕೋಲು ಬಿರುಸು, ಮೊನೆಯ ತೂಕವನ್ನು ಹೆಚ್ಚಿಸು. ಬಲಕ್ಕೆ ಬಿದ್ದರೆ ಮೆದು, ತೂಕವನ್ನು ಇಳಿಸು, ಇಲ್ಲವೆ ಕೋಲನ್ನು ಕಾಲಂಗುಲ ಕಾಲಂಗುಲವಾಗಿ ಕತ್ತರಿಸುತ್ತ ಬಾ. ಬರಿಗೋಲೂ ಗರಿಯ ಬಾಣವೂ ಒಟ್ಟಿಗೆ ನಾಟುವ ತೂಕ ಸಿಕ್ಕಿದ ಮೇಲೆಯೇ ಅದೇ ತೂಕದ ಬ್ರಾಡ್‌ಹೆಡ್ಡನ್ನು ಕೊಳ್ಳು. ಕೊಂಡ ಮೇಲೆಯೂ ಅದನ್ನು ಗುರಿಗೆ ಬಿಟ್ಟು ನೋಡದೆ ಕಾಡಿಗೆ ಒಯ್ಯಬೇಡ, ಏಕೆಂದರೆ ಅಗಲವಾದ ಅಲಗು ಗಾಳಿಯನ್ನು ಹಿಡಿದು, ಫೀಲ್ಡ್ ಪಾಯಿಂಟು ಮುಚ್ಚಿಟ್ಟಿದ್ದ ದೋಷಗಳನ್ನೆಲ್ಲ ಬಯಲಿಗೆಳೆಯುತ್ತದೆ.

ಭಾರ ಮುಂದಿದ್ದರೆ ಬಾಣ ಸ್ಥಿರವಾಗುವುದೆಂಬುದು ಹಳೆಯ ತಿಳಿವಳಿಕೆ. ನಮ್ಮ ಧನುರ್ವೇದ ಗ್ರಂಥಗಳು ಕೂಡ ಮುಂಭಾಗ ದಪ್ಪವಾದುದು, ಹಿಂಭಾಗ ದಪ್ಪವಾದುದು, ಸಮವಾದುದು ಎಂದು ಬಾಣಗಳನ್ನು ವಿಂಗಡಿಸಿ ಒಂದೊಂದಕ್ಕೆ ಒಂದೊಂದು ವಿನಿಯೋಗವನ್ನು ಹೇಳುತ್ತವೆ. ಮೇಲೆ ಹೇಳಿದ ಕಾರ್ಬನ್ ಬಾಣದಲ್ಲಿ, 125 ಗ್ರೇನಿನ ಅಲಗಿದ್ದರೆ ತೂಕದ ಸಮತೋಲ ಬಿಂದು ಮಧ್ಯದಿಂದ ಉದ್ದದ ಶೇಕಡ 15ರಷ್ಟು ಮುಂದಿರುತ್ತದೆ, 175ಕ್ಕೆ ಶೇಕಡ 19ರ ಸಮೀಪಕ್ಕೆ ಹೋಗುತ್ತದೆ, ಎರಡೂ ಒಳ್ಳೆಯವೇ. ಎತ್ತಿನ ಗಾಡಿಗೆ ಹೇರು ಹೇರುವವನು ಹಿಂಭಾರವಾಗಿ ನೊಗ ಮೇಲೇಳದಂತೆಯೂ ಮುಂಭಾರವಾಗಿ ಎತ್ತಿನ ಹೆಗಲು ಜಗ್ಗದಂತೆಯೂ ನೋಡಿಕೊಳ್ಳುವ ವಿವೇಕವೇ ಇಲ್ಲಿಯೂ ಬೇಕು. 650 ಗ್ರೇನಿಗಿಂತ ಕಡಿಮೆಯ ಬಾಣ ಬೇಟೆಗೆ ನಿಷ್ಪ್ರಯೋಜಕವೆಂದು ವಾದಿಸುವವರನ್ನು ನೀನು ಕಾಣುವೆ. ಆ ಅಂಕಿಯನ್ನು ಪ್ರಚಾರಕ್ಕೆ ತಂದವರು ಡಾಕ್ಟರ್ ಎಡ್ ಆಶ್ಬಿ; 1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಆರಂಭಿಸಿದ ಅವರ ಪರೀಕ್ಷೆಗಳನ್ನು ನಾನು ಗೌರವಿಸುತ್ತೇನೆ. ಆದರೆ ಆ ಅಂಕಿ ದೊಡ್ಡ ಮೃಗಗಳ ದಪ್ಪ ಮೂಳೆಯನ್ನು ಒಡೆಯುವ ಮಾತು. ಅದೂ ಅಲ್ಲದೆ ಆಶ್ಬಿಯವರೇ ಬಾಣದ ದೃಢತೆಗೆ ಮೊದಲ ಸ್ಥಾನವನ್ನೂ ದೋಷವಿಲ್ಲದ ಹಾರಾಟಕ್ಕೆ ಎರಡನೆಯ ಸ್ಥಾನವನ್ನೂ ಕೊಟ್ಟು, ತೂಕವನ್ನು ಅವುಗಳ ಹಿಂದೆ ಇಟ್ಟಿದ್ದಾರೆ. 45 ಪೌಂಡಿನ ಬಿಲ್ಲಿನಿಂದ ಜಿಂಕೆಯನ್ನು ಬೇಟೆಯಾಡುವ ನಿನಗೆ ಅಷ್ಟು ಭಾರ ಬೇಕಿಲ್ಲ.

ಹರಿತವಿಲ್ಲದ ಅಲಗು ಎಷ್ಟು ತೂಗಿದರೇನು? ಯಾಹಿ ಜನಾಂಗದ ಕೊನೆಯ ಪ್ರತಿನಿಧಿಯಾಗಿ 1911ರಲ್ಲಿ ಕ್ಯಾಲಿಫೋರ್ನಿಯದ ಓರೋವಿಲ್‌ನಲ್ಲಿ ಕಾಣಿಸಿಕೊಂಡ ಇಶಿಯಿಂದ ಬಿಲ್ವಿದ್ಯೆಯನ್ನು ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್, ಜಿಂಕೆಯ ಚರ್ಮವನ್ನು ಹೊದಿಸಿ ಯಕೃತ್ತನ್ನು ತುಂಬಿದ ಪೆಟ್ಟಿಗೆಗೆ ಉಕ್ಕಿನ ಮೊನೆಯ ಬಾಣವನ್ನೂ ಅಗ್ನಿಶಿಲೆಯ ಗಾಜಿನಂಥ ಕಲ್ಲಾದ ಆಬ್ಸಿಡಿಯನ್ನಿನ ಮೊನೆಯ ಬಾಣವನ್ನೂ ಬಿಟ್ಟು ನೋಡಿದಾಗ ಹೆಚ್ಚು ಆಳಕ್ಕೆ ಇಳಿದದ್ದು ಹೆಚ್ಚು ಹರಿತವಾದ ಕಲ್ಲಿನದೇ. ಆದುದರಿಂದ ಎರಡು ಅಂಚುಗಳ, ಗಟ್ಟಿಯಾದ, ಮನೆಯಲ್ಲಿಯೇ ಅರದಿಂದಲೂ ಸಾಣೆಯಿಂದಲೂ ಮಸೆಯಲು ಬರುವ ಅಲಗನ್ನು ಆರಿಸಿಕೊ. ಮುಂಗೈಯ ರೋಮವನ್ನು ಎಳೆತವಿಲ್ಲದೆ ಬೋಳಿಸುವವರೆಗೆ ಮಸೆ. ತಾಗಿದ ಮೇಲೆ ಬಿಚ್ಚಿಕೊಳ್ಳುವ ಯಾಂತ್ರಿಕ ಅಲಗುಗಳು ಬಿಚ್ಚಿಕೊಳ್ಳುವುದಕ್ಕೇ ಶಕ್ತಿಯನ್ನು ವ್ಯಯಮಾಡುವುದರಿಂದ ನಮ್ಮ ಬಿಲ್ಲುಗಳಿಗೆ ಸಲ್ಲವು.

ಮಿಶಿಗನ್ನಿನ ಕಾನೂನಿನಂತೆ ಜಿಂಕೆಯ ಬೇಟೆಗೆ ಅಲಗು ಕನಿಷ್ಠ 7/8 ಅಂಗುಲ ಅಗಲವಿರಬೇಕು. ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ನಿಯಮವನ್ನು ಓದಿಯೇ ಹೊರಡು. ಊರಿಗೆ ಬಂದಾಗ ಈ ಬಿಲ್ಲನ್ನು ಮಲೆನಾಡಿನ ಕಾಡಿಗೆ ಒಯ್ಯುವ ಯೋಚನೆಯನ್ನು ಮಾತ್ರ ಕನಸಿನಲ್ಲಿಯೂ ಮಾಡಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ, ಮತ್ತು ಹಾಗಿರುವುದೇ ಸರಿ.

ನಿನ್ನ ಬಿಲ್ಲಿಗೂ 500ರ ಕೋಲಿಗೂ 175 ಗ್ರೇನಿನಿಂದ ಪರೀಕ್ಷೆಯನ್ನು ಆರಂಭಿಸು. ಬಹುಶಃ ಅಲ್ಲಿಂದ ಹೆಚ್ಚು ದೂರ ಹೋಗಬೇಕಾಗಲಾರದು. ಬಿಲ್ಲಿನ ಬೇಟೆಯ ಕಾಲ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಅದಕ್ಕೆ ಮುನ್ನ ಬರಿಗೋಲು ಎಲ್ಲಿ ನಾಟಿತು, ಬಾಣದ ಒಟ್ಟು ತೂಕವೆಷ್ಟಾಯಿತು ಎಂಬುದನ್ನು ನನಗೆ ಬರೆ. ಬರಿಗೋಲು ಇನ್ನೂ ಪಕ್ಕಕ್ಕೆ ಬೀಳುತ್ತಿದ್ದರೆ ಈ ವರ್ಷ ಕಾಡಿಗೆ ಹೋಗಬೇಡ.

ಇತಿ,
ನಿನ್ನ ದೊಡ್ಡಪ್ಪ