ಬೆಟ್ಟದ ಮೇಲಿನ ನೀಲಿ ಮಿಡತೆ

ಮಿಡತೆಯೆಂದರೆ ಹಾರುವ ಹುಳವೆಂದೇ ನಾವೆಲ್ಲರು ಎಣಿಸುತ್ತೇವೆ. ರಾಗಿಯ ಹೊಲದಲ್ಲಿ ನಾವು ಒಂದು ಹೆಜ್ಜೆ ಇಡುವಷ್ಟರಲ್ಲಿ ಅದು ರೆಕ್ಕೆ ಬಿಚ್ಚಿ ಆಚೆಯ ಬದುವಿನ ಮೇಲೆ ಕೂತಿರುತ್ತದೆ. ಇಲ್ಲಿ ಮೇವು ತೀರಿದರೆ ಅಲ್ಲಿಗೆ ಹೋಗುವದು ಅದಕ್ಕೆ ಕಷ್ಟವಲ್ಲ. ಆದಾಗ್ಯೂ ಹಾರಲಾರದ ಮಿಡತೆಗಳೂ ಲೋಕದಲ್ಲಿ ಉಂಟು. ಅಂಥಾದ್ದೊಂದರ ಸಂಗತಿಯನ್ನು ಈ ಸಾರಿ ತಿಳಿಸುತ್ತೇವೆ.

ಆಸ್ಟ್ರೇಲಿಯಾ ಖಂಡವು ಬಹುಮಟ್ಟಿಗೆ ತಗ್ಗಾದ ಒಣನೆಲ. ಅದರ ಆಗ್ನೇಯ ಭಾಗದಲ್ಲಿಯಾದರೋ ಚಳಿಗಾಲವೆಲ್ಲಾ ಹಿಮ ಹೊದ್ದುಕೊಂಡಿರುವ ಬೆಟ್ಟಗಳಿವೆ. ಅವುಗಳಲ್ಲಿ ಕೊಸಿಯುಸ್ಕೊ ಎಂಬದೇ ಎತ್ತರವಾದದ್ದು; ಸಮುದ್ರಮಟ್ಟದಿಂದ 2,228 ಮೀಟರ್. 1840ನೇ ಇಸವಿಯಲ್ಲಿ ಸ್ಟ್ರೆಲೆಕಿ ಎಂಬ ಪೋಲೆಂಡಿನವನು ತನ್ನ ದೇಶದ ವೀರನೊಬ್ಬನ ಹೆಸರನ್ನು ಅದಕ್ಕೆ ಇಟ್ಟನು. ಅಲ್ಲಿ ಸುಮಾರು 1,800 ಮೀಟರಿನಿಂದ ಮೇಲಕ್ಕೆ ಮರಗಳು ನಿಂತುಹೋಗಿ, ಗಡುಸಾದ ಹುಲ್ಲು, ಕುಳ್ಳು ಪೊದೆ, ಬಂಡೆ ಇವಿಷ್ಟೇ ಉಳಿಯುತ್ತವೆ. ಇಂಥಾ ಸ್ಥಳವೇ ನಮ್ಮ ಮಿಡತೆಯ ಮನೆ. ರೆಕ್ಕೆಗಳಿರಬೇಕಾದ ಕಡೆ ಅದಕ್ಕೆ ಚಿಕ್ಕ ಚೂರುಗಳು ಮಾತ್ರ ಇವೆ. ಕುಪ್ಪಳಿಸಬಲ್ಲದು, ನಡೆಯಬಲ್ಲದು, ಅಷ್ಟೇ.

ಅಲ್ಲಿಯ ಬೇಸಿಗೆ ನಮ್ಮ ಚಳಿಗಾಲದಲ್ಲಿ ಬರುತ್ತದೆ. ಹಿಮ ಕರಗಿದ ಮೇಲೆ ಮರಿಗಳು ಹೊರಟು, ಜನವರಿಯ ಹೊತ್ತಿಗೆ ಬೆಳೆದು, ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಮುಂದಿನ ಚಳಿಯೊಳಗೆ ಸತ್ತುಹೋಗುತ್ತವೆ. ಮೊಟ್ಟೆಗಳು ಮಾತ್ರ ಹಿಮದ ಕೆಳಗೆ ನೆಲದಲ್ಲಿ ಕಾದಿರುತ್ತವೆ. ಮೊಟ್ಟೆಯಿಡುವ ಹೆಣ್ಣಿಗಾಗಿ ಗಂಡುಗಳು ಒಂದನ್ನೊಂದು ಒದ್ದು ಕಚ್ಚಿ ಹೋರಾಡುವದೂ ಉಂಟು.

ಗಂಡು ಮಿಡತೆಯ ಬಣ್ಣವೇ ಬಹು ವಿಚಿತ್ರ. ಚಳಿಯ ಮುಂಜಾನೆ, ಉಷ್ಣತೆ 10 ಡಿಗ್ರಿಗಿಂತ ಕಡಿಮೆಯಿರುವಾಗ, ಅದು ಹೆಚ್ಚುಕಡಿಮೆ ಕಪ್ಪು. ಬಿಸಿಲೇರಿ 25 ಡಿಗ್ರಿ ದಾಟಿತೋ, ಅದೇ ಹುಳವು ನವಿಲಿನ ಕೊರಳಿನ ಹಾಗೆ ಹೊಳೆಯುವ ನೀಲಿ! ಚರ್ಮದ ಕಣಗಳೊಳಗೆ ಕಂದು ಕಾಳುಗಳೂ ನೀಲಿ ಕಾಳುಗಳೂ ಇದ್ದು, ಚಳಿಗೆ ಕಂದು ಮೇಲೆ ಬರುತ್ತದೆ, ಶಾಖಕ್ಕೆ ನೀಲಿ ಮೇಲೆ ಬರುತ್ತದೆ. ಕಪ್ಪಿನಿಂದ ನೀಲಿಯಾಗುವದು ಬೇಗ. ನೀಲಿಯಿಂದ ಕಪ್ಪಾಗುವದು ತಡ. ಆದಕಾರಣ ಇದಕ್ಕೆ ಗೋಸುಂಬೆ ಮಿಡತೆ ಎಂಬ ಹೆಸರು. ಪಂಡಿತರು ಇಟ್ಟ ಹೆಸರಾದರೋ ಕೊಸಿಯುಸ್ಕೋಲ ಟ್ರಿಸ್ಟಿಸ್. ಟ್ರಿಸ್ಟಿಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ದುಃಖವುಳ್ಳದ್ದು. ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ನೋಡಿದವರು ಈ ಹೆಸರನ್ನು ಒಪ್ಪಲಾರರು.

ಇದೆಲ್ಲಾ ಯಾತಕ್ಕೆ ಎಂದು ಕೇಳಿದರೆ ನಮ್ಮಲ್ಲಿ ಯಾರಾದರೂ ಥಟ್ಟನೆ ಹೇಳುವರು: ಕಪ್ಪು ಕಂಬಳಿ ಬಿಸಿಲಿಗೆ ಬೇಗ ಕಾಯುತ್ತದಲ್ಲಾ, ಹಾಗೆಯೇ ಈ ಹುಳವು ಮೈ ಕಾಯಿಸಿಕೊಳ್ಳುತ್ತದೆ ಎಂದು. ನಾವೂ ಹಾಗೆಯೇ ಎಣಿಸಿದ್ದೆವು. ಆದರೆ 2013ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಅಳತೆಮಾಡಿ ನೋಡಲಾಗಿ, ಬಣ್ಣದಿಂದಾಗುವ ವ್ಯತ್ಯಾಸವು ಹೆಚ್ಚೆಂದರೆ ಸುಮಾರು ಅರ್ಧ ಡಿಗ್ರಿ. ಗಾಳಿ ಜೋರಾದರೆ ಅದೂ ಇಲ್ಲವೆಂಬಷ್ಟು ಸ್ವಲ್ಪ. ಬೆಟ್ಟದ ತುದಿಯಲ್ಲಿ ಗಾಳಿಗೇನು ಕೊರತೆ? ಸೊಗಸಾದ ಉತ್ತರ ಸಿಕ್ಕಿದ ಕೂಡಲೆ ಅದನ್ನೇ ಮಕ್ಕಳಿಗೆ ಕಲಿಸಿಬಿಡುವ ಉಪದೇಶಕರಾದ ನಮಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ ಸರಿ.

ಇನ್ನೊಂದು ಸಂಗತಿಯು ಹೆಚ್ಚು ಚಿಂತೆಯದು. ಒಂದು ಬೆಟ್ಟದ ಮಿಡತೆಗೂ ಇನ್ನೊಂದು ಬೆಟ್ಟದ ಮಿಡತೆಗೂ ನಡುವೆ ಬೆಚ್ಚಗಿನ ಕಣಿವೆಗಳಿವೆ. ರೆಕ್ಕೆಯಿಲ್ಲದ್ದು ಅವನ್ನು ದಾಟುವದು ಹೇಗೆ? ಅವು ಬಹುಕಾಲದಿಂದ ಬೇರೆಬೇರೆಯಾಗಿಯೇ ಉಳಿದು ವಂಶದಲ್ಲಿಯೂ ಭಿನ್ನವಾಗಿವೆ ಎಂದು 2014ರ ಶೋಧನೆಯಲ್ಲಿ ಕಂಡಿತು. ಈಗಲಾದರೋ ಭೂಮಿಯ ಶಾಖವು ಹೆಚ್ಚುತ್ತಾ ಆ ಬೆಟ್ಟಗಳ ಹಿಮವು ಕಡಿಮೆಯಾಗುತ್ತಿದೆ. ಚಳಿಯನ್ನು ಹುಡುಕಿಕೊಂಡು ಮೇಲಕ್ಕೆ ಹೋಗೋಣವೆಂದರೆ ಈ ಮಿಡತೆಯು ಆಗಲೇ ಮೇಲೆಯೇ ಇದೆ. 2,228 ಮೀಟರಿನ ಆಚೆಗೆ ಹುಲ್ಲೂ ಇಲ್ಲ, ನೆಲವೂ ಇಲ್ಲ.