ದಾದಿಯರಿಗಿದ್ದ ಬೇರೆ ದಾರಿಗಳು

ಬಂಕಾಪುರದ ಸುತ್ತಣ ಹಳ್ಳಿಗಳಲ್ಲಿ ಹೆಣ್ಣುಮಗಳೊಬ್ಬಳು ದಾದಿಯ ಕೆಲಸ ಕಲಿಯಲು ಹೊರಟರೆ, ಬೇರೆ ಗತಿಯಿಲ್ಲದೆ ಹೋದಳೆಂದು ಆಡಿಕೊಳ್ಳುವವರುಂಟು. ಈ ಮಾತು ಸತ್ಯವೋ ಎಂದು ನಾವು ವಿಚಾರಿಸೋಣ.

ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲಳು ಐಶ್ವರ್ಯವಂತರ ಮಗಳು, ಗಣಿತದಲ್ಲಿ ಆಸಕ್ತಳು. ಮನೆಯವರು ವಿರೋಧಿಸಿದರೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತಿನ ಸಭಾಸೇವಕಿಯರ ಬಳಿ ಶುಶ್ರೂಷೆಯನ್ನು ಕಲಿತಳು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚಾಗಿ ಸತ್ತರೆಂದು ಲೆಕ್ಕಗಳ ಮೂಲಕ ತೋರಿಸಿಕೊಟ್ಟಳು. ಎಡಿತ್ ಕ್ಯಾವೆಲಳು ಬ್ರಸೆಲ್ಸಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದಳು. ಕಾಯಿಲೆ ಬಿದ್ದ ತಂದೆಯನ್ನು ಆರೈಕೆ ಮಾಡಿದ ಮೇಲೆ 1896ರಲ್ಲಿ ದಾದಿಯ ವಿದ್ಯೆಗೆ ಸೇರಿದಳು. 1907ರಲ್ಲಿ ಅದೇ ಬ್ರಸೆಲ್ಸಿನಲ್ಲಿ ದಾದಿಯರ ಶಾಲೆಗೆ ಮುಖ್ಯಸ್ಥಳಾದಳು.

ಒಬ್ಬಳ ಲೆಕ್ಕವೂ ಇನ್ನೊಬ್ಬಳ ಬೋಧನೆಯೂ ವ್ಯರ್ಥವಾಗಲಿಲ್ಲ. ರೋಗಿಗಳ ಸೇವೆಯಲ್ಲಿಯೇ ಫಲಕೊಟ್ಟವು.

ನಮ್ಮ ಹೆಣ್ಣುಮಕ್ಕಳಿಗೂ ಶಿಕ್ಷಕಿಯ ಕೆಲಸ, ಔಷಧದಂಗಡಿ, ರಕ್ತಪರೀಕ್ಷೆಯ ಪ್ರಯೋಗಶಾಲೆ, ಬ್ಯಾಂಕಿನ ಲೆಕ್ಕ ಮೊದಲಾದ ದಾರಿಗಳುಂಟು. ತಂದೆತಾಯಿಗಳೇ, ಬರೀ ಸಂಬಳಕ್ಕಾಗಿ ಮಗಳನ್ನು ದಾದಿತನಕ್ಕೆ ನೂಕಬೇಡಿರಿ. ಮನಸ್ಸುಳ್ಳವಳನ್ನು ಜನರ ಮಾತಿಗೆ ಅಂಜಿ ತಡೆಯಲೂಬೇಡಿರಿ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯವನ್ನು ಈ ವಾರ ಕುಟುಂಬ ಪ್ರಾರ್ಥನೆಯಲ್ಲಿ ಓದಿರಿ. ಬಳಿಕ, ದೇವರು ನಿನಗೆ ಕೊಟ್ಟ ವರ ಯಾವುದೆಂದು ಮಗಳನ್ನೇ ಕೇಳಿರಿ. ಅವಳ ಉತ್ತರವನ್ನು ತಾಳ್ಮೆಯಿಂದ ಆಲಿಸಿರಿ.